ನಾಲ್ವರಲ್ಲಿ ಒಬ್ಬರು ಹೋದರೆ ಕ್ವಾರ್ಟೆಟ್ ನಿಲ್ಲಿಸಬೇಕಾ? ಅಮಾಡೆಯಸ್ ಬಗ್ಗೆ ಮಾತಾಡೋಣ

ಪಿಟೀಲುಪ್ರಿಯ (ಮೈಸೂರು)

ಒಂದು ವಾರದಿಂದ ಇದೇ ಯೋಚನೆ. ಇಲ್ಲಿ ಬರೆದರೆ ನಿಮ್ಮೆಲ್ಲರ ಅಭಿಪ್ರಾಯ ಗೊತ್ತಾಗುತ್ತೆ ಅಂತ ಬರೆಯುತ್ತಿದ್ದೇನೆ.

1987ರ ಆಗಸ್ಟ್‌ನಲ್ಲಿ ಪೀಟರ್ ಶಿಡ್ಲೋಫ್ ಹೃದಯಾಘಾತದಿಂದ ತೀರಿಕೊಂಡರು. ಅಮಾಡೆಯಸ್ ಕ್ವಾರ್ಟೆಟ್ ಅನ್ನೋ ನಾಲ್ವರ ತಂತಿವಾದ್ಯದ ಗುಂಪಿನಲ್ಲಿ ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ಕೆಳಗೆ) ನುಡಿಸುತ್ತಿದ್ದವರು. ಉಳಿದ ಮೂವರು ಇನ್ನೂ ನುಡಿಸುತ್ತಿದ್ದರು, ಹೆಸರಿತ್ತು, ಕೇಳುವವರಿದ್ದರು. ಒಳ್ಳೆ ವಯೋಲಾದವರಿಗೂ ಬರ ಇರಲಿಲ್ಲ. ಆದರೂ ಬೇರೆಯವರನ್ನು ತರಲಿಲ್ಲ. ಸುಮಾರು 40 ವರ್ಷ ಒಬ್ಬರೂ ಬದಲಾಗದೆ ನಡೆದ ಗುಂಪು ಅಲ್ಲಿಗೇ ನಿಂತುಬಿಟ್ಟಿತು.

ನಾನು ಕಲಿತದ್ದು ಕರ್ನಾಟಕ ಸಂಗೀತದ ಪಿಟೀಲು. ನಮ್ಮಲ್ಲಿ ಮೃದಂಗದವರಿಗೆ ಹುಷಾರಿಲ್ಲ ಅಂದರೆ ಮಧ್ಯಾಹ್ನ ಮೂರಕ್ಕೆ ಇನ್ನೊಬ್ಬರಿಗೆ ಫೋನ್ ಮಾಡುತ್ತೇವೆ, ಸಂಜೆ ಆರಕ್ಕೆ ಕಛೇರಿ ಶುರು. ಎಷ್ಟೋ ಸಲ ಮುಖ್ಯ ಗಾಯಕರನ್ನೂ ಪಕ್ಕವಾದ್ಯದವರನ್ನೂ ಒಟ್ಟಿಗೆ ಕೂರಿಸಿದ್ದು ಆ ವೇದಿಕೆಯೇ, ಅದಕ್ಕೂ ಮೊದಲು ಅವರು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ, ಕಛೇರಿ ಶುರುವಿನ ವರ್ಣ ಮುಗಿಯುವಷ್ಟರಲ್ಲಿ ಹೊಂದಿಕೊಂಡಿರುತ್ತಾರೆ. ಹಾಗಾಗಿ ಈ ಮೂವರ ತೀರ್ಮಾನ ನನಗೆ ಅರ್ಥವೇ ಆಗಲಿಲ್ಲ. ದುಃಖಕ್ಕೆ ನಿಲ್ಲಿಸಿದರು ಅಂದುಕೊಂಡೆ. ಆಮೇಲೆ ಅವರ ಕಥೆ ಓದುತ್ತಾ ಹೋದೆ.

ನಾರ್ಬರ್ಟ್ ಬ್ರೈನಿನ್, ಸೀಗ್ಮುಂಡ್ ನಿಸ್ಸೆಲ್, ಪೀಟರ್ ಶಿಡ್ಲೋಫ್. ಮೂವರೂ ಆಸ್ಟ್ರಿಯಾದಿಂದ ಬಂದ ಯಹೂದಿ ಹುಡುಗರು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿಕೊಂಡ ಮೇಲೆ ಇಂಗ್ಲೆಂಡಿಗೆ ಬಂದು ಸೇರಿದವರು. 1940ರಲ್ಲಿ ಅದೇ ಇಂಗ್ಲೆಂಡ್ ಅವರನ್ನು ಶತ್ರು ದೇಶದವರು ಅಂತ ಹಿಡಿದು ಶಿಬಿರಕ್ಕೆ ಹಾಕಿತು. ಹಿಟ್ಲರ್‌ಗೆ ಹೆದರಿ ಮನೆ ಮಠ ಬಿಟ್ಟು ಬಂದ ಮಕ್ಕಳು ಅವರು! ಬ್ರೈನಿನ್‌ಗೆ ಶಿಡ್ಲೋಫ್ ಪರಿಚಯ ಆದದ್ದು ಶ್ರಾಪ್‌ಶೈರ್‌ನ ಶಿಬಿರದಲ್ಲಿ. ಶಿಡ್ಲೋಫ್‌ಗೆ ನಿಸ್ಸೆಲ್ ಸಿಕ್ಕಿದ್ದು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ. ಆಗ ಅವರಿಗೆ 17–18 ವರ್ಷ. ಹೊರಗೆ ಬಂದ ಮೇಲೆ ಮೂವರೂ ಲಂಡನ್ನಿನಲ್ಲಿ ಮ್ಯಾಕ್ಸ್ ರೋಸ್ಟಾಲ್ ಹತ್ತಿರ ಪಾಠಕ್ಕೆ ಸೇರಿದರು. ಆ ಗುರುಗಳು ಇವರಿಂದ ಫೀಸು ತೆಗೆದುಕೊಳ್ಳಲಿಲ್ಲ. ಯುದ್ಧದ ಕಾಲದಲ್ಲಿ ಬ್ರೈನಿನ್ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡಿದರು.

ಈಗ ನೋಡಿ, ಮೂವರೂ ಪಿಟೀಲಿನವರೇ. ಕ್ವಾರ್ಟೆಟ್‌ಗೆ ಬೇಕಾದದ್ದು ಎರಡು ಪಿಟೀಲು ಮಾತ್ರ. ಶಿಡ್ಲೋಫ್ ಪಿಟೀಲು ಬಿಟ್ಟು ವಯೋಲಾ ಹಿಡಿದರು. ಕೆಳಗಿನ ದನಿಯ ದೊಡ್ಡ ವಾದ್ಯ ಚೆಲ್ಲೋಗೆ ಲಂಡನ್ನಿನವರೇ ಆದ ಮಾರ್ಟಿನ್ ಲವೆಟ್ ಬಂದರು, ನಾಲ್ವರಲ್ಲಿ ಚಿಕ್ಕವರು. 1948ರ ಜನವರಿ 10ಕ್ಕೆ ಲಂಡನ್ನಿನ ವಿಗ್‌ಮೋರ್ ಹಾಲ್‌ನಲ್ಲಿ ಅಮಾಡೆಯಸ್ ಅನ್ನೋ ಹೆಸರಲ್ಲಿ ಮೊದಲ ಕಛೇರಿ. ಅದರ ಖರ್ಚಿಗೆ ಇಮೋಜೆನ್ ಹೋಲ್ಸ್ಟ್ ಅನ್ನೋ ಸಂಗೀತಗಾರ್ತಿ 100 ಪೌಂಡ್ ಕೊಟ್ಟರು.

ಈ ಶಿಡ್ಲೋಫ್ ವಿಷಯವೇ ನನ್ನನ್ನು ಬಿಡುತ್ತಿಲ್ಲ. ತನ್ನ ವಾದ್ಯವನ್ನೇ ಬಿಟ್ಟುಕೊಟ್ಟು ಆ ಕುರ್ಚಿಯಲ್ಲಿ ಕೂತವರು. ಆ ಕುರ್ಚಿಗೆ ಇನ್ನೊಬ್ಬರನ್ನು ಹೇಗೆ ಕೂರಿಸುತ್ತಾರೆ? ನಿಲ್ಲಿಸಿದ್ದೇ ಸರಿ ಅಂತ ನನಗೆ ಈಗ ಅನ್ನಿಸುತ್ತಿದೆ. ನೀವೇನಂತೀರಿ?

ಹೊಸಕಿವಿ

ಸರ್, ಬಹಳ ಚೆನ್ನಾಗಿ ಬರೆದಿದ್ದೀರಿ. ನನಗೆ ಪಾಶ್ಚಾತ್ಯ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ, ಮುಂದೆ ನಿಂತು ಕೋಲು ಆಡಿಸುವವರು ಇಲ್ಲ, ಇಷ್ಟು ಗೊತ್ತು. ಆದರೆ ಒಂದು ಪ್ರಶ್ನೆ. ಎಲ್ಲಾ ಸ್ವರ ಹಾಳೆಯಲ್ಲಿ ಬರೆದೇ ಇರುತ್ತೆ ಅಲ್ವಾ? ನಮ್ಮ ಹಾಗೆ ಅಲ್ಲೇ ಕಟ್ಟಿ ನುಡಿಸುವ ಮನೋಧರ್ಮ ಇಲ್ಲ. ಹಾಗಿದ್ದ ಮೇಲೆ ಹಾಳೆ ನೋಡಿ ನುಡಿಸುವ ಯಾರು ಬೇಕಾದರೂ ಬಂದು ಕೂರಬಹುದಲ್ಲ?

ವಯೋಲಾ_ಬೆಂಗಳೂರು

ಹೊಸಕಿವಿ ಅವರೇ, ಒಳ್ಳೆ ಪ್ರಶ್ನೆ. ನಾನು ಕೂಡ ಮೊದಲು ಹಾಗೇ ಅಂದುಕೊಂಡಿದ್ದೆ. ನನ್ನ ಕೆಲಸ ಬೇರೆ, ವಯೋಲಾ ಹವ್ಯಾಸಕ್ಕೆ. ಆದರೂ ಒಂದೂವರೆ ವರ್ಷ ನಾವು ನಾಲ್ವರು ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬರ ಮನೆಯ ಹಾಲ್‌ನಲ್ಲಿ ಕೂತು ಹೇಡನ್ ಬರೆದ ಕೃತಿಗಳನ್ನು ನುಡಿಸಿದ್ದೇವೆ, ಆ ಅನುಭವದಿಂದ ಹೇಳುತ್ತೇನೆ.

ಹಾಳೆಯಲ್ಲಿ ಸ್ವರ ಇರುತ್ತೆ, ಆದರೆ ಅದು ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅನ್ನೋದು ಇರುವುದಿಲ್ಲ. ನಮ್ಮ ತಂತಿಗಳನ್ನು ಪಂಚಮದ ಅಂತರದಲ್ಲಿ ಶ್ರುತಿ ಮಾಡುತ್ತೇವೆ. ಚೆಲ್ಲೋದ ಕೆಳಗಿನ ಸಿ ತಂತಿಯಿಂದ ಶುರು ಮಾಡಿ ಶುದ್ಧ ಪಂಚಮ ಇಡುತ್ತಾ ಪಿಟೀಲಿನ ಮೇಲಿನ ಇ ತಂತಿವರೆಗೆ ಬನ್ನಿ. ಈಗ ಸಿ ಮತ್ತು ಇ ಎರಡನ್ನೂ ಒಟ್ಟಿಗೆ ನುಡಿಸಿದರೆ ಕಿವಿಗೆ ಕಿರಿಕಿರಿ, ಇ ಸ್ವಲ್ಪ ಏರಿ ನಿಂತಿರುತ್ತೆ. ಅದಕ್ಕೇ ಚೆಲ್ಲೋ ಮತ್ತು ವಯೋಲಾದವರು ಸಿ ತಂತಿಯನ್ನು ಕೂದಲೆಳೆಯಷ್ಟು ಏರಿಸುತ್ತಾರೆ. ಎಷ್ಟು ಏರಿಸಬೇಕು ಅನ್ನೋದು ಆ ನಾಲ್ವರ ಒಳಗಿನ ಲೆಕ್ಕ. ಬೇರೆ ಗುಂಪಿನಲ್ಲಿ ಲೆಕ್ಕ ಬೇರೆ.

ಇದು ತೆರೆದ ತಂತಿಯ ಮಾತಾಯಿತು. ಇನ್ನು ಬೆರಳಿಟ್ಟ ಪ್ರತಿ ಸ್ವರಕ್ಕೂ ಇದೇ ಕಥೆ. ನಮ್ಮಲ್ಲಿ ಒಂದು ಭಾನುವಾರ ಮೂರೂವರೆ ಗಂಟೆ ಕೂತು ಎಂಟು ಸಾಲು ನುಡಿಸಿದ್ದೆವು. ಕಮಾನು ಕೆಳಗೆ ಎಳೆಯಬೇಕೋ ಮೇಲೆ ತಳ್ಳಬೇಕೋ, ತುದಿಯಲ್ಲೋ ಹಿಡಿಯ ಹತ್ತಿರವೋ, ಹಾಳೆಯಲ್ಲಿ ಸ್ವರದ ಜೊತೆ ಹಾಕಿರುವ ಸಣ್ಣ ಗೆರೆ ಅಂದರೆ ಒತ್ತೋ ಬಿಡುವೋ, ಇದೇ ಚರ್ಚೆ. ಪೆನ್ಸಿಲ್‌ನಲ್ಲಿ ಬರೆದು ಅಳಿಸಿ ಬರೆದು ಹಾಳೆಯೇ ತೂತಾಗಿತ್ತು. ನಮ್ಮಂಥವರಿಗೇ ಇಷ್ಟು ಅಂದರೆ, 40 ವರ್ಷ ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರ ಹಾಳೆಯಲ್ಲಿ ಏನೆಲ್ಲ ಬರೆದಿರಬಹುದು ಯೋಚನೆ ಮಾಡಿ. ಅರ್ಧಕ್ಕಿಂತ ಜಾಸ್ತಿ ಬರೆದೇ ಇರುವುದಿಲ್ಲ, ಕೈಯಲ್ಲಿ ಇರುತ್ತೆ.

ನಮ್ಮ ಚೆಲ್ಲೋದವರಿಗೆ ಪುಣೆಗೆ ವರ್ಗ ಆಯಿತು. ಇನ್ನೊಬ್ಬರನ್ನು ಕರೆದು ನೋಡಿದೆವು, ನಮಗಿಂತ ಎಷ್ಟೋ ಚೆನ್ನಾಗಿ ನುಡಿಸುತ್ತಿದ್ದರು, ತಪ್ಪು ಅವರದ್ದಲ್ಲ. ಮೂರು ವಾರ ಆದ ಮೇಲೆ ಯಾರೂ ಫೋನ್ ಮಾಡಲಿಲ್ಲ. ಎಂಟು ತಿಂಗಳಾಯಿತು, ವಯೋಲಾ ಪೆಟ್ಟಿಗೆ ತೆಗೆದಿಲ್ಲ. ಹಾಗಾಗಿ ನನ್ನ ಓಟು ಅಮಾಡೆಯಸ್‌ಗೇ.

ಪಿಟೀಲುಪ್ರಿಯ (ಮೈಸೂರು)

ವಯೋಲಾ ಅವರೇ, ನೀವು ಹೇಳಿದ ಸಿ–ಇ ವಿಷಯ ಓದಿ ಎದ್ದು ಹೋಗಿ ತಂಬೂರಿ ತೆಗೆದೆ! ಸಿ ನಮಗೆ ಷಡ್ಜ ಅಂದರೆ ಇ ಅಂತರ ಗಾಂಧಾರ. ತಂಬೂರಿಯಲ್ಲಿ ಮಂದ್ರ ಷಡ್ಜ ಮೀಟಿ ಸುಮ್ನೆ ಕೂತರೆ ಆ ಗಾಂಧಾರ ತಾನಾಗಿ ಮೇಲೆದ್ದು ಬರುತ್ತೆ, ಯಾರೂ ನುಡಿಸಬೇಕಾಗಿಲ್ಲ. ಸ್ವಯಂಭೂ ಗಾಂಧಾರ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಪಂಚಮ ಪೇರಿಸುತ್ತಾ ಹೋದರೆ ಸಿಗುವ ಗಾಂಧಾರ ಅದಕ್ಕಿಂತ ಒಂದು ಚೂರು ಮೇಲಿರುತ್ತೆ. ನಮಗೆ ತಂಬೂರಿ ಹಿಂದೆ ಇರುತ್ತೆ, ಅದನ್ನು ಕೇಳಿಕೊಂಡು ಸರಿ ಮಾಡಿಕೊಳ್ಳುತ್ತೇವೆ. ಅವರಿಗೆ ತಂಬೂರಿ ಇಲ್ಲ. ನಾಲ್ವರೂ ಒಬ್ಬರಿಗೊಬ್ಬರು ತಂಬೂರಿ ಆಗಬೇಕು. ಇದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಪೆಟ್ಟಿಗೆ ಎಂಟು ತಿಂಗಳು ಮುಚ್ಚಿಡಬೇಡಿ. ತಂತಿ ಹೋಗಲಿ, ಬಿರಡೆ ಕಚ್ಚಿಕೊಳ್ಳುತ್ತೆ.

ಕೊಲರಾಡೋದಿಂದ

ನಾನು ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಾನಿರುವುದು ಡೆನ್ವರ್ ಹತ್ತಿರ, ಬೌಲ್ಡರ್‌ಗೆ ಹೋಗಿ ಟಕಾಚ್ ಕ್ವಾರ್ಟೆಟ್ ಕೇಳುತ್ತಿರುತ್ತೇನೆ. ಅವರ ಕಥೆ ಕೇಳಿ.

1975ರಲ್ಲಿ ಬುಡಾಪೆಸ್ಟ್‌ನ ಲಿಸ್ಟ್ ಅಕಾಡೆಮಿಯ ನಾಲ್ಕು ವಿದ್ಯಾರ್ಥಿಗಳು ಶುರು ಮಾಡಿದರು. ಮೊದಲ ಪಿಟೀಲು ಗಾಬೊರ್ ಟಕಾಚ್-ನಾಗಿ, ಅವರ ಹೆಸರೇ ಗುಂಪಿಗೆ. 80ರ ದಶಕದಲ್ಲಿ ನಾಲ್ವರೂ ಸಂಸಾರ ಸಮೇತ ಹಂಗೇರಿ ಬಿಟ್ಟು ಬೌಲ್ಡರ್‌ಗೆ ಬಂದರು, ವಿಶ್ವವಿದ್ಯಾಲಯದಲ್ಲಿ ನೆಲೆ ಸಿಕ್ಕಿತು. 1993ರಲ್ಲಿ ಆ ಮೊದಲ ಪಿಟೀಲಿನವರೇ ಬಿಟ್ಟು ಹೋದರು. ಹೆಸರು ಇದೆ, ಹೆಸರಿನವರು ಇಲ್ಲ! ಅವರ ಜಾಗಕ್ಕೆ ಬಂದದ್ದು ಎಡ್ವರ್ಡ್ ಡ್ಯೂಸಿನ್‌ಬರ್ಗ್... ಕ್ಷಮಿಸಿ, ಡ್ಯೂಸಿನ್‌ಬರ್. ಇಂಗ್ಲೆಂಡಿನ ಹುಡುಗ, ಆಗ ಇನ್ನೂ 25 ಕೂಡ ಆಗಿರಲಿಲ್ಲ. 18 ವರ್ಷ ಒಟ್ಟಿಗೆ ನುಡಿಸಿದ ಮೂವರು ಹಂಗೇರಿಯವರ ನಡುವೆ ಹೋಗಿ ಮೊದಲ ಕುರ್ಚಿಯಲ್ಲಿ ಕೂರುವುದು ಅಂದರೆ ಸುಮ್ನೆ ಮಾತಲ್ಲ. ಅದು ಒಂದು ದಡಕ್ಕೆ ಬರುವಷ್ಟರಲ್ಲಿ ವಯೋಲಾದ ಗಾಬೊರ್ ಒರ್ಮಾಯ್‌ಗೆ ಕ್ಯಾನ್ಸರ್. 1995ರಲ್ಲಿ ಹೋದರು.

ಎರಡೇ ವರ್ಷದಲ್ಲಿ ಇಬ್ಬರು. ಅವತ್ತು ಅವರು ನಿಲ್ಲಿಸಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ನಿಲ್ಲಿಸಲಿಲ್ಲ. ರೋಜರ್ ಟ್ಯಾಪಿಂಗ್ ಬಂದರು. ಆ ನಾಲ್ವರು ನುಡಿಸಿದ ಬೀಥೋವನ್ ರೆಕಾರ್ಡಿಂಗ್ ಗ್ರ್ಯಾಮಿ ಗೆದ್ದಿತು. ನಾನು ಕಾರಿನಲ್ಲಿ ದಿನಾ ಕೇಳುವುದು ಅದನ್ನೇ. ನಿಲ್ಲಿಸಿದ್ದರೆ ಅದು ಇರುತ್ತಿತ್ತಾ? ಆಮೇಲೂ ವಯೋಲಾ ಬದಲಾಯಿತು, 2018ರಲ್ಲಿ ಎರಡನೇ ಪಿಟೀಲು ಬದಲಾಗಿ ಹರೂಮಿ ರೋಡ್ಸ್ ಬಂದರು. ಪ್ರತಿ ಸಲವೂ ಬಂದವರನ್ನು ಹಳಬರ ಅಚ್ಚಿಗೆ ಹಾಕಲಿಲ್ಲ, ಗುಂಪೇ ಸ್ವಲ್ಪ ಬದಲಾಯಿತು.

ಪಿಟೀಲುಪ್ರಿಯ ಸರ್, ಆ ಕುರ್ಚಿಗೆ ಇನ್ನೊಬ್ಬರನ್ನು ಹೇಗೆ ಕೂರಿಸುತ್ತಾರೆ ಅಂತ ಕೇಳಿದಿರಿ. ಹೀಗೆ ಕೂರಿಸುತ್ತಾರೆ. ಕಣ್ಣೀರು ಒರೆಸಿಕೊಂಡು, ಹಳೇ ಹಾಳೆ ಬಿಟ್ಟು ಹೊಸ ಹಾಳೆ ತೆಗೆದುಕೊಂಡು. ವಯೋಲಾ ಅವರೇ, ಮೂರು ವಾರ ಬಹಳ ಕಡಿಮೆ ಆಯಿತು. ಆ ಹೊಸ ಚೆಲ್ಲೋದವರಿಗೆ ಒಂದು ವರ್ಷವಾದರೂ ಕೊಡಬೇಕಿತ್ತು.

ಹಳೇ_ರೆಕಾರ್ಡು (ಧಾರವಾಡ)

ಕೊಲರಾಡೋದವರ ಮಾತಿಗೆ ಇನ್ನೊಂದಿಷ್ಟು ಸೇರಿಸುತ್ತೇನೆ. ಬುಡಾಪೆಸ್ಟ್ ಕ್ವಾರ್ಟೆಟ್ ಶುರುವಾದದ್ದು 1917ರಲ್ಲಿ, ಅಲ್ಲಿನ ಒಪೆರಾ ವಾದ್ಯವೃಂದದವರಿಂದ. ಒಬ್ಬೊಬ್ಬರಾಗಿ ಬಿಡುತ್ತಾ ಬಂದು 1936ರ ಹೊತ್ತಿಗೆ ಕೊನೆಯ ಹಂಗೇರಿಯವರೂ ಹೋದರು. ನಾಲ್ವರೂ ರಷ್ಯಾ ಕಡೆಯ ಯಹೂದಿಗಳು, ಹೆಸರು ಮಾತ್ರ ಬುಡಾಪೆಸ್ಟ್! ಜಗತ್ತು ಇವತ್ತು ನೆನಪಿಟ್ಟುಕೊಂಡಿರುವುದು ಮೊದಲ ನಾಲ್ವರನ್ನಲ್ಲ, ಈ ರಷ್ಯನ್ನರನ್ನೇ. ಅವರೊಳಗೆ ಶುರುವಿನಿಂದಲೂ ಕೆಲವು ಕಟ್ಟಳೆ ಇದ್ದವು. ಹಣ ನಾಲ್ವರಿಗೂ ಸಮ ಪಾಲು. ಭಿನ್ನಾಭಿಪ್ರಾಯ ಬಂದರೆ ಓಟು. ಮೊದಲ ಪಿಟೀಲಿನವನೇ ಯಜಮಾನ ಅನ್ನೋ ಹಳೇ ಕಾಲದ ಪದ್ಧತಿ ಇಲ್ಲ. ನನ್ನ ಪ್ರಕಾರ ಗುಂಪು ಉಳಿಯುವುದೂ ಒಡೆಯುವುದೂ ಇಂಥದ್ದರಿಂದಲೇ. ವೇದಿಕೆ ಮೇಲೆ ಒಡೆದ ಕ್ವಾರ್ಟೆಟ್ ಕಡಿಮೆ, ರೈಲಿನಲ್ಲಿ ಹೋಟೆಲಿನಲ್ಲಿ ಒಡೆದದ್ದೇ ಜಾಸ್ತಿ ಇರಬೇಕು.

ಮಾಸ್ಕೋದ ಬೊರೊಡಿನ್ ಕ್ವಾರ್ಟೆಟ್ ನೋಡಿ. ವ್ಯಾಲೆಂಟಿನ್ ಬರ್ಲಿನ್‌ಸ್ಕಿ ವಿದ್ಯಾರ್ಥಿಯಾಗಿದ್ದಾಗ ಸೇರಿ 2007ರವರೆಗೆ ಚೆಲ್ಲೋ ನುಡಿಸಿದರು, 60 ವರ್ಷಕ್ಕೂ ಮೇಲೆ. ಮೇಲಿನ ಮೂವರು ಬದಲಾದರು, ಕೆಳಗಿನ ಚೆಲ್ಲೋ ಕದಲಲಿಲ್ಲ. ಅಮೆರಿಕದ ಗ್ವಾರ್ನೇರಿ ಕ್ವಾರ್ಟೆಟ್‌ನವರದ್ದು ನನಗೆ ಎಲ್ಲಕ್ಕಿಂತ ಇಷ್ಟ. 1964ರಿಂದ ಅದೇ ನಾಲ್ವರು. 2001ರಲ್ಲಿ ಚೆಲ್ಲೋದ ಡೇವಿಡ್ ಸೋಯರ್ ವಯಸ್ಸಾಯಿತು ಅಂತ ಎದ್ದರು, ತಮ್ಮ ಶಿಷ್ಯ ಪೀಟರ್ ವೈಲಿಯನ್ನು ಆ ಜಾಗದಲ್ಲಿ ಕೂರಿಸಿದರು. ಗುರು ಎದ್ದ ಕುರ್ಚಿಯಲ್ಲಿ ಶಿಷ್ಯ! ಆಮೇಲೆ 2009ರಲ್ಲಿ ಎಲ್ಲರೂ ಸೇರಿ ನಿಲ್ಲಿಸಿದರು. ಅಮಾಡೆಯಸ್‌ಗೆ ಈ ಅವಕಾಶ ಸಿಗಲಿಲ್ಲ, ಸಾವು ಹೇಳಿ ಬರಲಿಲ್ಲ. ಆ ವ್ಯತ್ಯಾಸ ನೆನಪಿಟ್ಟುಕೊಂಡು ಮಾತಾಡಬೇಕು ನಾವು.

ಹೊಸಕಿವಿ

ಎಲ್ಲಾ ಓದುತ್ತಿದ್ದೇನೆ, ಇವತ್ತು ಆಫೀಸ್ ಕೆಲಸ ಹಿಂದೆ ಬಿತ್ತು. ಇನ್ನೊಂದು ಕೇಳಬಹುದಾ? ಇವರಿಗೆ ಜೀವನ ಹೇಗೆ ನಡೆಯುತ್ತೆ? ಕಛೇರಿಯ ಸಂಭಾವನೆ ಸಾಕಾಗುತ್ತಾ?

ಕೊಲರಾಡೋದಿಂದ

ಬರೀ ಕಛೇರಿಯಿಂದ ಕಷ್ಟ. ಬಂದ ದುಡ್ಡಿನಲ್ಲಿ ಮೊದಲು ಏಜೆಂಟ್ ಪಾಲು, ಆಮೇಲೆ ಪ್ರಯಾಣ, ಹೋಟೆಲ್, ಉಳಿದದ್ದು ನಾಲ್ಕು ಭಾಗ. ಚೆಲ್ಲೋವನ್ನು ಲಗೇಜಿಗೆ ಹಾಕಲು ಯಾರಿಗೆ ಧೈರ್ಯ ಬರುತ್ತೆ? ಅದಕ್ಕೂ ಪಕ್ಕದ ಸೀಟು ತೆಗೆಯಬೇಕು. ನಾಲ್ಕು ಜನ, ಐದು ಟಿಕೆಟ್. ಅದಕ್ಕೇ ವಿಶ್ವವಿದ್ಯಾಲಯದಲ್ಲಿ ನೆಲೆ ಸಿಗುವುದು ಅಷ್ಟು ದೊಡ್ಡ ವಿಷಯ. ಪಾಠ ಮಾಡುತ್ತಾರೆ, ತಿಂಗಳ ಸಂಬಳ ಬರುತ್ತೆ, ತಾಲೀಮಿಗೆ ಕೋಣೆ ಇರುತ್ತೆ, ಮಕ್ಕಳು ಒಂದೇ ಊರಲ್ಲಿ ಬೆಳೆಯುತ್ತಾರೆ. ಟಕಾಚ್‌ನವರು ಇಷ್ಟು ವರ್ಷ ಉಳಿದದ್ದರಲ್ಲಿ ಬೌಲ್ಡರ್‌ನ ಪಾಲೂ ಇದೆ.

ಹಳೇ_ರೆಕಾರ್ಡು (ಧಾರವಾಡ)

ಹೌದು. ಬುಡಾಪೆಸ್ಟ್‌ನವರಿಗೂ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ 1962ರವರೆಗೆ ಎರಡು ದಶಕಕ್ಕೂ ಮೇಲೆ ಹೀಗೇ ಆಸರೆ ಆಗಿತ್ತು. ಗರ್ಟ್ರೂಡ್ ವಿಟಲ್ ಅನ್ನೋ ಹೆಣ್ಣುಮಗಳು ಆ ಗ್ರಂಥಾಲಯಕ್ಕೆ ಸ್ಟ್ರಾಡಿವಾರಿ (ಇಟಲಿಯ ಹೆಸರಾಂತ ಹಳೇ ಕಾಲದ ವಾದ್ಯ ತಯಾರಕ) ಮಾಡಿದ ವಾದ್ಯಗಳನ್ನು ದಾನ ಮಾಡಿದ್ದರು. ಅಲ್ಲಿ ಅವರು ನುಡಿಸುತ್ತಿದ್ದದ್ದು ಅವನ್ನೇ.

ವಾದ್ಯದ ಮಾತು ಬಂತು ಅಂತ ಹೇಳುತ್ತೇನೆ. ಶಿಡ್ಲೋಫ್ ನುಡಿಸುತ್ತಿದ್ದದ್ದು 1719ರ ಸ್ಟ್ರಾಡಿವಾರಿ ವಯೋಲಾ. ಸ್ಟ್ರಾಡಿವಾರಿಯ ಪಿಟೀಲುಗಳು ನೂರಾರು ಉಳಿದಿವೆ, ವಯೋಲಾ ಹತ್ತು ಹನ್ನೆರಡು ಅಷ್ಟೇ. 2014ರಲ್ಲಿ ಅದನ್ನು ಮಾರಾಟಕ್ಕೆ ಇಟ್ಟರು, ಕನಿಷ್ಠ ಬೆಲೆ 4.5 ಕೋಟಿ ಡಾಲರ್. ಕೊಳ್ಳುವವರು ಸಿಗಲಿಲ್ಲ.

ಲಂಡನ್_ಕನ್ನಡತಿ

ತಡವಾಗಿ ನೋಡಿದೆ. ವಿಗ್‌ಮೋರ್ ಹಾಲ್ ಅಂತ ಕಂಡ ಮೇಲೆ ಬರೆಯದೆ ಇರಲು ಆಗಲಿಲ್ಲ, ನಾನು ತಿಂಗಳಿಗೆ ಎರಡು ಸಲವಾದರೂ ಅಲ್ಲಿರುತ್ತೇನೆ. ದೊಡ್ಡ ಸಭಾಂಗಣ ಅಲ್ಲ ಅದು. ಸುಮಾರು 550 ಸೀಟು. ನನಗೆ ಮುಂದಿನಿಂದ ಎರಡನೇ ಸಾಲು ಇಷ್ಟ. ಅಲ್ಲಿ ಕೂತರೆ ಬೇರೆ ಯಾವ ಸಾಲಿಗೂ ಕೇಳದ ಒಂದು ಸದ್ದು ಕೇಳುತ್ತೆ. ಶುರು ಮಾಡುವ ಮುಂಚೆ ಮೊದಲ ಪಿಟೀಲಿನವರು ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಾರೆ. ಆ ಉಸಿರಿನಲ್ಲೇ ಕಾಲಪ್ರಮಾಣ ಇರುತ್ತೆ. ಉಳಿದ ಮೂವರೂ ಅದೇ ಉಸಿರು ಎಳೆಯುತ್ತಾರೆ, ನಾಲ್ಕು ಕಮಾನು ಒಟ್ಟಿಗೆ ತಂತಿ ಮುಟ್ಟುತ್ತೆ. ಒಮ್ಮೆ ಎರಡನೇ ಪಿಟೀಲಿನವರನ್ನೇ ನೋಡುತ್ತಾ ಕೂತಿದ್ದೆ. ಇಡೀ ನಿಧಾನದ ಭಾಗದಲ್ಲಿ ಅವರು ತಮ್ಮ ಹಾಳೆ ನೋಡಿದ್ದಕ್ಕಿಂತ ಚೆಲ್ಲೋದವರ ಎಡಗೈ ನೋಡಿದ್ದೇ ಜಾಸ್ತಿ.

ಅಮಾಡೆಯಸ್ ವಿಷಯದಲ್ಲಿ ಇನ್ನೊಂದು ಹೇಳಬೇಕು. ಇಂಗ್ಲೆಂಡಿನ ಸಂಗೀತ ರಚನೆಕಾರ ಬೆಂಜಮಿನ್ ಬ್ರಿಟನ್ ತಮ್ಮ ಮೂರನೇ ಕ್ವಾರ್ಟೆಟ್ (ಈ ನಾಲ್ಕು ವಾದ್ಯಕ್ಕೆ ಬರೆದ ಕೃತಿಗೂ ಅದೇ ಹೆಸರು) ಬರೆದಾಗ ಬಹಳ ಕಾಯಿಲೆಯಲ್ಲಿದ್ದರು. 1976ರ ಸೆಪ್ಟೆಂಬರ್‌ನಲ್ಲಿ ಈ ನಾಲ್ವರು ಆಲ್ಡ್‌ಬರಾದ ಅವರ ಮನೆಗೇ ಹೋಗಿ ನುಡಿಸಿ ಕೇಳಿಸಿದರು. ಡಿಸೆಂಬರ್ 4ಕ್ಕೆ ಬ್ರಿಟನ್ ಹೋದರು. 15 ದಿನ ಆದ ಮೇಲೆ, ಡಿಸೆಂಬರ್ 19ಕ್ಕೆ, ಅಲ್ಲೇ ಹತ್ತಿರದ ಸ್ನೇಪ್‌ನಲ್ಲಿ ಇವರೇ ಅದನ್ನು ಮೊದಲ ಬಾರಿ ಜನರ ಮುಂದೆ ನುಡಿಸಿದರು. ಕೊನೆಯಲ್ಲಿ ಚೆಲ್ಲೋ ಒಂದು ಸ್ವರದಲ್ಲಿ ಉಳಿದುಕೊಳ್ಳುತ್ತೆ, ಮುಗಿಯಿತು ಅನ್ನಿಸುವುದಿಲ್ಲ. ಕೇಳಿ ನೋಡಿ, ಆದರೆ ರಾತ್ರಿ ಕೇಳಿ.

ಯಾರು ಸರಿ ಅಂತ ಕೇಳಿದರೆ ಇಬ್ಬರೂ ಸರಿ ಅಂತ ಹೇಳಿ ಜಾರಿಕೊಳ್ಳಲ್ಲ. ಟಕಾಚ್‌ನವರಿಗೆ ಆಗ ಅರ್ಧ ದಾರಿ ಇತ್ತು, ಅಮಾಡೆಯಸ್‌ನವರದ್ದು ಮುಗಿಯುತ್ತಾ ಬಂದಿತ್ತು. ಶಿಬಿರದಲ್ಲಿ ಸಿಕ್ಕ ಮೂವರು ಹುಡುಗರಲ್ಲಿ ಒಬ್ಬ ಹೋದಾಗ ಉಳಿದ ಇಬ್ಬರಿಗೆ ಅದು ಬರೀ ವಯೋಲಾ ಖಾಲಿಯಾದದ್ದಲ್ಲ. ಆಮೇಲೂ ಮೂವರು ಸುಮ್ಮನೆ ಕೂರಲಿಲ್ಲ, ಚಿಕ್ಕ ಚಿಕ್ಕ ಕ್ವಾರ್ಟೆಟ್‌ಗಳಿಗೆ ಪಾಠ ಹೇಳಿದರು. ಬ್ರೈನಿನ್ 2005ರಲ್ಲಿ, ನಿಸ್ಸೆಲ್ 2008ರಲ್ಲಿ ಹೋದರು. ಲವೆಟ್ 2020ರ ಏಪ್ರಿಲ್‌ನಲ್ಲಿ, ಕೋವಿಡ್‌ನಿಂದ, 93ನೇ ವಯಸ್ಸಿನಲ್ಲಿ. ಆ ತಿಂಗಳು ವಿಗ್‌ಮೋರ್ ಹಾಲ್ ಕೂಡ ಬಾಗಿಲು ಹಾಕಿತ್ತು. ನಾನು ಮನೆಯಲ್ಲೇ ಅಮಾಡೆಯಸ್‌ನವರು ನುಡಿಸಿದ ಶೂಬರ್ಟ್ ಕೃತಿ ಹಾಕಿಕೊಂಡು ಕೇಳಿದೆ.

ಮೈಸೂರಿನ ಸರ್‌ಗೆ ಒಂದು ಮಾತು. ಅಮಾಡೆಯಸ್ ಶುರುವಾದ ಅದೇ 1948ರಲ್ಲಿ ಇದೇ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು ನಿಮ್ಮ ಜಯಚಾಮರಾಜ ಒಡೆಯರ್. ಮೆಟ್ನರ್ ಅನ್ನೋ ರಷ್ಯನ್ ಸಂಗೀತಗಾರರು ಇಲ್ಲಿ ಕಷ್ಟದಲ್ಲಿದ್ದಾಗ ಅವರ ರೆಕಾರ್ಡಿಂಗ್‌ಗೆ ಹಣ ಕೊಟ್ಟವರೂ ಅವರೇ.

ಪಿಟೀಲುಪ್ರಿಯ (ಮೈಸೂರು)

ಮೇಡಂ, ಬ್ರಿಟನ್ ಅವರದ್ದು ನಿನ್ನೆ ರಾತ್ರಿ ಕೇಳಿದೆ. ಮೊದಲ ಸಲಕ್ಕೆ ಹಿಡಿಯಲಿಲ್ಲ, ಎರಡನೇ ಸಲ ಕೊನೆಯ ಆ ಚೆಲ್ಲೋ ಸ್ವರ ಬಂದಾಗ ಎದ್ದು ನಿಂತೆ. ನಾನು ಮೊದಲು ಬರೆದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನಿಲ್ಲಿಸಿದ್ದೇ ಸರಿ ಅಂದಿದ್ದೆ. ಅವರಿಗೆ ಸರಿ. ಎಲ್ಲರಿಗೂ ಅಲ್ಲ. ಕೊಲರಾಡೋದವರು ಹೇಳಿದ ಬೀಥೋವನ್ ಕೂಡ ಹುಡುಕಿಟ್ಟಿದ್ದೇನೆ.

ವಯೋಲಾ_ಬೆಂಗಳೂರು

ಮೂರು ವಾರ ಕಡಿಮೆ ಆಯಿತು ಅಂದ ಮಾತು ನಾಟಿತು. ನಿಜ ಹೇಳಬೇಕೆಂದರೆ ಆ ಹೊಸಬರು ನುಡಿಸುವಾಗಲೆಲ್ಲ ನಾವು ಹಳಬರ ಸದ್ದಿಗೇ ಕಾಯುತ್ತಿದ್ದೆವು. ನಿನ್ನೆ ನಮ್ಮ ಎರಡನೇ ಪಿಟೀಲಿನವರಿಗೆ ಫೋನ್ ಮಾಡಿದೆ. ಅವರೂ ಪೆಟ್ಟಿಗೆ ತೆಗೆದಿಲ್ಲವಂತೆ. ಹೊಸ ಚೆಲ್ಲೋದವರನ್ನು ಈಗ ಯಾವ ಮುಖ ಇಟ್ಟುಕೊಂಡು ಕರೆಯುವುದು ಅಂತ ಇಬ್ಬರಿಗೂ ಸಂಕೋಚ.

ಲಂಡನ್_ಕನ್ನಡತಿ

ಮೊದಲು ನೀವು ಮೂವರು ಕೂತು ನುಡಿಸಿ. ಎರಡು ಪಿಟೀಲು ಒಂದು ವಯೋಲಾಗೆ ಚೆಕ್ ರಚನೆಕಾರ ಡ್ವೊರ್‌ಜಾಕ್ 1887ರಲ್ಲಿ ಒಂದು ಟೆರ್ಟ್ಸೆಟ್ಟೊ (ಮೂವರಿಗೆ ಬರೆದ ಕೃತಿ) ಬರೆದಿದ್ದಾರೆ, ಸಿ ಮೇಜರ್‌ನಲ್ಲಿ. ಅದನ್ನು ಬರೆದದ್ದೂ ದೊಡ್ಡ ವಾದಕರಿಗಲ್ಲ. ಅವರ ಜೊತೆ ಅದೇ ಮನೆಯಲ್ಲಿ ಬಾಡಿಗೆಗಿದ್ದ ಕೆಮಿಸ್ಟ್ರಿ ಓದುವ ಹುಡುಗ, ಅವನಿಗೆ ಪಿಟೀಲು ಕಲಿಸುತ್ತಿದ್ದ ಮೇಷ್ಟ್ರು, ಜೊತೆಗೆ ವಯೋಲಾ ಹಿಡಿದು ತಾವು. ಹುಡುಗನಿಗೆ ಅದು ಕಷ್ಟವಾಯಿತು ಅಂತ ಅವನಿಗೆ ಬೇರೆ ಸುಲಭದ್ದು ಬರೆದುಕೊಟ್ಟರು. ಚೆಲ್ಲೋ ಇಲ್ಲದ್ದರಿಂದ ಕೆಳಗಿನ ಸದ್ದನ್ನೆಲ್ಲ ವಯೋಲಾನೇ ಹೊರಬೇಕು, ನಿಮಗೆ ಕೈ ತುಂಬ ಕೆಲಸ. ಹಾಳೆ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತೆ.

ವಯೋಲಾ_ಬೆಂಗಳೂರು

ಪ್ರಿಂಟ್ ತೆಗೆದೆ. ಪೆಟ್ಟಿಗೆಯನ್ನೂ ತೆಗೆದೆ. ಪಿಟೀಲುಪ್ರಿಯ ಸರ್ ಹೇಳಿದ ಹಾಗೇ ಆಗಿತ್ತು, ಸಿ ತಂತಿಯ ಬಿರಡೆ ಕಚ್ಚಿಕೊಂಡಿತ್ತು, ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಮೂವರು ಸೇರುತ್ತಿದ್ದೇವೆ. ಚೆಲ್ಲೋದವರಿಗೆ ಮೆಸೇಜ್ ಹಾಕಿದ್ದೇನೆ, ಹತ್ತು ಗಂಟೆಗೆ ಕಾಫಿಗೆ ಬನ್ನಿ, ಬರುವಾಗ ಚೆಲ್ಲೋ ತನ್ನಿ ಅಂತ. ನೋಡಿದ್ದಾರೆ, ಇನ್ನೂ ಉತ್ತರ ಬಂದಿಲ್ಲ.